ಪುಸ್ತಕ ತೆರೆದಾಗ ಬಿಗಿಯುವ ಎದೆ: ಒಂದು ಆಪ್ತಸಲಹೆ ಪ್ರಕರಣ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಅಡಿಕೆ ಕೃಷಿಕರೊಬ್ಬರು ತಮ್ಮ ಇಪ್ಪತ್ತಾರು ವರ್ಷದ ಮಗನನ್ನು ಆಪ್ತಸಲಹೆಗೆ ಕರೆತಂದಿದ್ದರು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಇಬ್ಬರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಯುವಕ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ವಾಣಿಜ್ಯ ಪದವಿ ಮುಗಿಸಿದ್ದಾನೆ. ಕೇರಳ ಲೋಕಸೇವಾ ಆಯೋಗದ (ಪಿಎಸ್‌ಸಿ) ಕ್ಲರ್ಕ್ ಪರೀಕ್ಷೆಗೆ ಸಿದ್ಧನಾಗುವುದಾಗಿ ಹೇಳಿ ಮನೆಯಲ್ಲೇ ಉಳಿದಿದ್ದರೂ ಪುಸ್ತಕ ಹಿಡಿದು ಅರ್ಧ ಗಂಟೆ ಕೂರುವುದಿಲ್ಲ ಎಂಬುದು ತಂದೆಯ ದೂರು. "ಇವನಿಗೆ ಉದಾಸೀನ ಮೇಡಂ, ಬೇರೆ ಎಂತದ್ದೂ ಇಲ್ಲ. ಪಾಸಾದರೆ ಬೈಕ್ ತೆಗೆದುಕೊಡ್ತೇನೆ ಅಂತ ಸಹ ಹೇಳಿದೆ" ಎಂದರು. ಮಗ ತಲೆ ತಗ್ಗಿಸಿ ಕೂತಿದ್ದ, ತಂದೆಯ ಮಾತನ್ನು ಅಲ್ಲಗಳೆಯಲಿಲ್ಲ.

ಇಂಥ ಸಂದರ್ಭದಲ್ಲಿ ಮೊದಲು ನೋಡಬೇಕಾದದ್ದು ಖಿನ್ನತೆ. ಎರಡು ವಾರಗಳಿಗೂ ಮೀರಿ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಾಗುತ್ತಿದ್ದುದರಲ್ಲಿಯೂ ಆಸಕ್ತಿ ಬತ್ತುವುದು, ನಿದ್ದೆ ಮತ್ತು ಹಸಿವಿನ ಏರುಪೇರು, ಬದುಕು ಸಾಕೆನಿಸುವುದು ಇವೆಲ್ಲವನ್ನೂ ಅವನೊಬ್ಬನೇ ಇದ್ದಾಗ ನೇರವಾಗಿಯೇ ಕೇಳಿದೆ. ಸಾವಿನ ಯೋಚನೆಯ ಬಗ್ಗೆ ಕೇಳಿದರೆ ಅದನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಅವನಲ್ಲಿ ಅಂಥ ಲಕ್ಷಣಗಳು ಕಾಣಲಿಲ್ಲ. ಸಂಜೆ ವಾಲಿಬಾಲ್ ಆಡುತ್ತಿದ್ದ, ಚೆನ್ನಾಗಿ ನಿದ್ರಿಸುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸದ ಉಸ್ತುವಾರಿ ಪೂರ್ತಿ ಅವನದೇ ಆಗಿತ್ತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ದ್ರಾವಣ ತಯಾರಿಸಿ, ಹದ ಸರಿಯಾಗಿದೆಯೇ ಎಂದು ಲಿಟ್ಮಸ್ ಕಾಗದದಲ್ಲಿ ಪರೀಕ್ಷಿಸಿ, ಮಳೆ ಬಿಡುವು ಕೊಟ್ಟ ಹೊತ್ತು ನೋಡಿ ಜನ ಕರೆಸುವ ತನಕ ಯಾರೂ ಅವನಿಗೆ ನೆನಪಿಸಬೇಕಾಗಿರಲಿಲ್ಲ. ಉದಾಸೀನದ ಮನುಷ್ಯ ಈ ಕೆಲಸ ಮಾಡಲಾರ. ಹಾಗಾಗಿ ಶಕ್ತಿ ಇಲ್ಲವೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ತೋಟದಲ್ಲಿರುವ ಶಕ್ತಿ ಪುಸ್ತಕದ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಬೇಕಾಯಿತು.

ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸ್ವಯಂನಿರ್ಧಾರ ಸಿದ್ಧಾಂತದ ಪ್ರಕಾರ ಮನುಷ್ಯನ ಪ್ರೇರಣೆ ಮೂರು ಅಗತ್ಯಗಳ ಮೇಲೆ ನಿಂತಿದೆ: ಇದು ನನ್ನ ಆಯ್ಕೆ ಎಂಬ ಭಾವ, ಇದು ನನ್ನಿಂದಾಗುತ್ತದೆ ಎಂಬ ಭಾವ, ನನ್ನವರು ಜೊತೆಗಿದ್ದಾರೆ ಎಂಬ ಭಾವ. ತೋಟದಲ್ಲಿ ಈ ಮೂರೂ ಅವನಿಗೆ ದೊರೆಯುತ್ತಿದ್ದವು. ಓದಿನಲ್ಲಿ ಒಂದೂ ಇರಲಿಲ್ಲ. ಆದರೆ ಸಿದ್ಧಾಂತ ಇಷ್ಟನ್ನು ಹೇಳಿದ ಮಾತ್ರಕ್ಕೆ ಪ್ರಕರಣ ಬಗೆಹರಿಯುವುದಿಲ್ಲ. ಪುಸ್ತಕ ಮುಚ್ಚುವ ಆ ಗಳಿಗೆಯಲ್ಲಿ ಏನು ನಡೆಯುತ್ತದೆ ಎಂಬುದು ತಿಳಿಯಬೇಕಿತ್ತು. ಅದಕ್ಕಾಗಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದೆ. ಎಷ್ಟು ಓದಿದೆ ಎಂದು ಬರೆಯುವುದು ಬೇಡ, ಓದು ಬಿಟ್ಟು ಎದ್ದಾಗ ಮೈಯಲ್ಲಿ ಏನಾಯಿತು, ಯಾವ ಪುಟದಲ್ಲಿದ್ದೆ, ಎದ್ದ ಮೇಲೆ ಹೇಗನಿಸಿತು ಎಂಬುದನ್ನಷ್ಟೇ ಬರೆಯಬೇಕು.

ಆ ನೋಟ್‌ಬುಕ್ ತಂದಾಗ ವಿಷಯ ಬಹುಮಟ್ಟಿಗೆ ಸ್ಪಷ್ಟವಾಯಿತು. ಗಣಿತದ ಲೆಕ್ಕಗಳನ್ನು ಬಿಡಿಸುತ್ತಿದ್ದ ದಿನ ಅವನು ಒಂದು ಗಂಟೆ ಕೂತಿದ್ದ. ಎದ್ದುಹೋದದ್ದೆಲ್ಲ ಮಲಯಾಳದಲ್ಲಿ ಅಚ್ಚಾದ ಗೈಡಿನ ಸಾಮಾನ್ಯ ಜ್ಞಾನದ ಭಾಗದಲ್ಲಿ, ಅದರಲ್ಲೂ ಶ್ರೀನಾರಾಯಣ ಗುರು, ಅಯ್ಯನ್‌ಕಾಳಿ ಮೊದಲಾದವರ ಕುರಿತಾದ ಕೇರಳ ನವೋತ್ಥಾನದ, ಅಂದರೆ ಸಮಾಜ ಸುಧಾರಣೆಯ ಚಳವಳಿಯ, ಪಾಠದಲ್ಲಿ. ವಿಷಯ ಕಠಿಣವೆಂದಲ್ಲ. ಕುಂಬಳೆ ಪೇಟೆಯಲ್ಲಿ ನಿರರ್ಗಳವಾಗಿ ಮಲಯಾಳ ಮಾತಾಡುವ ಇವನಿಗೆ ಅದೇ ಭಾಷೆಯನ್ನು ಓದಲು ಅಕ್ಷರ ಕೂಡಿಸಬೇಕಾಗುತ್ತಿತ್ತು. ಕಾಸರಗೋಡಿನ ಒಂದು ತರಬೇತಿ ತರಗತಿಯಲ್ಲಿ ಗಟ್ಟಿಯಾಗಿ ಓದಲು ಹೇಳಿದಾಗ ಅವನು ತಡವರಿಸಿದ್ದ, ತನಗಿಂತ ಕಿರಿಯರು ನಕ್ಕಿದ್ದರು. ತರಗತಿ ಬಿಟ್ಟದ್ದು ಅದಾದ ಮೇಲೆ. ಮನೆಯಲ್ಲಿ ಹೇಳಿದ ಕಾರಣ ಬಸ್ಸಿನ ಅನನುಕೂಲ. ಈಗ ಆ ಪುಟಗಳನ್ನು ತೆರೆದೊಡನೆ ಎದೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಕೈ ಮೊಬೈಲಿಗೆ ಹೋಗುತ್ತದೆ, ಎರಡೇ ನಿಮಿಷದಲ್ಲಿ ಎದೆ ಸಡಿಲವಾಗುತ್ತದೆ.

ಈ ಸಡಿಲವಾಗುವಿಕೆಯೇ ಇಡೀ ಪ್ರಕರಣದ ಕೀಲಿ ಎಂದು ನನ್ನ ಅಭಿಪ್ರಾಯ. ಓದು ಬಿಟ್ಟದ್ದಕ್ಕೆ ಅವನ ದೇಹ ಅವನಿಗೆ ಕೂಡಲೇ ಬಹುಮಾನ ಕೊಡುತ್ತಿತ್ತು, ಮತ್ತು ವರ್ಷದ ಕೊನೆಗೆ ಸಿಗಬಹುದಾದ ಬೈಕ್ ಈ ಕ್ಷಣದ ಬಹುಮಾನದ ಎದುರು ನಿಲ್ಲುವಂತಿರಲಿಲ್ಲ. ಕೆಲಸ ಮುಂದೂಡುವುದು ಹೊತ್ತಿನ ನಿರ್ವಹಣೆಯ ದೋಷವಲ್ಲ, ಬೇಡವಾದ ಭಾವವನ್ನು ಆ ಕ್ಷಣಕ್ಕೆ ದೂರಮಾಡುವ ದಾರಿ ಎಂದು ಫ್ಯೂಷಿಯಾ ಸಿರೋಯ್ ಮತ್ತು ತಿಮೊಥಿ ಪಿಚಿಲ್ 2013ರಲ್ಲಿ ವಾದಿಸಿದ್ದರು. ಇವನು ಎಷ್ಟು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರೂ ಪ್ರಯೋಜನವಾಗದೇ ಇದ್ದುದಕ್ಕೆ ಇದು ಸರಿಯಾದ ವಿವರಣೆ. ವೇಳಾಪಟ್ಟಿಯಲ್ಲಿ ನಾಚಿಕೆಗೆ ಅಂಕಣವಿರುವುದಿಲ್ಲ.

ಬೈಕಿನ ವಿಷಯದಲ್ಲಿ ತಂದೆಗೆ ಸ್ವಲ್ಪ ಬಿಡಿಸಿ ಹೇಳಬೇಕಾಯಿತು. ಬಹುಮಾನ ಆಸಕ್ತಿಯನ್ನು ಕೊಲ್ಲುತ್ತದೆ ಎಂಬ ಮಾತನ್ನು ಈಗ ಎಲ್ಲರೂ ಕೇಳಿರುತ್ತಾರೆ. ಅದರ ಹಿಂದಿರುವ 1973ರ ಪ್ರಸಿದ್ಧ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಚಿಕ್ಕ ಮಕ್ಕಳಿಗೆ ಪ್ರಶಸ್ತಿಪತ್ರದ ಆಸೆ ತೋರಿಸಿದ ಮೇಲೆ ಅವರು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಈ ಯುವಕನಿಗೆ ಪಿಎಸ್‌ಸಿ ಓದಿನಲ್ಲಿ ಮೊದಲಿನಿಂದಲೂ ಪ್ರೀತಿ ಇರಲಿಲ್ಲವಾದ್ದರಿಂದ ಆ ಪ್ರಯೋಗ ಇಲ್ಲಿಗೆ ನೇರವಾಗಿ ಹೊಂದುವುದಿಲ್ಲ. ಇಲ್ಲಿ ಆದದ್ದೇ ಬೇರೆ: ಸೋತರೆ ಬೈಕ್ ಇಲ್ಲ ಎಂಬುದು ಊರಿಗೆಲ್ಲ ತಿಳಿದಿದ್ದರಿಂದ ಸೋಲಿಗೆ ಇನ್ನೊಂದು ಅವಮಾನ ಸೇರಿಕೊಂಡಿತ್ತು.

"ಹೆದರಿಕೆ ಇಲ್ಲದೆ ಯಾರು ಮೇಡಂ ಓದಿದ್ದು? ನಮ್ಮನ್ನು ಮಾಷ್ಟ್ರು ಬೆತ್ತ ಹಿಡಿದೇ ಕಲಿಸಿದ್ದಲ್ವಾ?" ಎಂದು ತಂದೆ ಕೇಳಿದರು. ಅದನ್ನು ತಳ್ಳಿಹಾಕುವಂತಿರಲಿಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳಿಗೆ ಬಿಳಿ ಮತ್ತು ಕಪ್ಪು ಪೆಟ್ಟಿಗೆಗಳ ವ್ಯತ್ಯಾಸ ಕಲಿಸುವಾಗ ತಪ್ಪಿದರೆ ವಿದ್ಯುತ್ ಆಘಾತ ಕೊಟ್ಟರು. ವ್ಯತ್ಯಾಸ ಎದ್ದು ಕಾಣುವಾಗ ಆಘಾತ ಜೋರಾದಂತೆ ಕಲಿಕೆಯೂ ಬೇಗನಾಯಿತು. ವ್ಯತ್ಯಾಸ ಸೂಕ್ಷ್ಮವಾಗಿದ್ದಾಗ ಜೋರಾದ ಆಘಾತ ಕಲಿಕೆಯನ್ನು ನಿಧಾನಗೊಳಿಸಿತು. ಇಲಿಗಳ ಫಲಿತಾಂಶವನ್ನು ಮನುಷ್ಯರ ಮೇಲೆ ಹಾಗೆಯೇ ಹೇರಬಾರದು, ಪಠ್ಯಪುಸ್ತಕಗಳು ಅದನ್ನು ಅತಿಯಾಗಿ ಹಿಗ್ಗಿಸಿವೆ ಎಂಬುದೂ ನಿಜ. ಆದರೆ ಮಗ್ಗಿ ಬಾಯಿಪಾಠ ಮಾಡಿಸಿದ ಬೆತ್ತ, ಇಪ್ಪತ್ತಾರರ ವಯಸ್ಸಿನಲ್ಲಿ ಹೊಸ ಲಿಪಿಯನ್ನು ವೇಗವಾಗಿ ಓದಲು ಕಲಿಸಲಾರದು ಎಂದು ಹೇಳುವುದಕ್ಕೆ ಅಷ್ಟು ಸಾಕಾಯಿತು.

ತಂದೆಗೆ ಕೊಟ್ಟ ಸಲಹೆ ಚಿಕ್ಕದು. ಊಟದ ಹೊತ್ತಿನಲ್ಲಿ "ಎಷ್ಟು ಓದಿದೆ?" ಎಂದು ಕೇಳುವುದನ್ನು ನಿಲ್ಲಿಸಬೇಕು, ಬೈಕ್ ಮನೆಗೆ ಬೇಕಿದ್ದರೆ ಮನೆಯ ಅನುಕೂಲಕ್ಕೆಂದು ತೆಗೆದುಕೊಳ್ಳಲಿ, ಪರೀಕ್ಷೆಗೆ ತಳುಕು ಹಾಕುವುದು ಬೇಡ, ಮದ್ದು ಬಿಡುವ ಕೆಲಸದಲ್ಲಿ ಅವನ ಮಾತಿಗೆ ಎಷ್ಟು ಬೆಲೆ ಕೊಡುತ್ತಾರೋ ಓದಿನ ಕ್ರಮದಲ್ಲಿಯೂ ಅಷ್ಟೇ ಕೊಡಲಿ.

ಯುವಕನಿಗೆ ಹೇಳಿದ್ದು ಹೆಚ್ಚು. ಎದೆ ಬಿಗಿದಾಗ ಎದ್ದುಹೋಗುವ ಮೊದಲು "ಇದು ನಾಚಿಕೆ" ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಒಂದೆರಡು ನಿಮಿಷ ಅಲ್ಲಿಯೇ ಕೂರಬೇಕು. ಭಾವಕ್ಕೆ ಹೆಸರಿಟ್ಟಾಗ ಹೆದರಿಕೆಯಂಥ ಭಾವಗಳಿಗೆ ಸ್ಪಂದಿಸುವ, ಮೆದುಳಿನ ಅಮಿಗ್ಡಲಾ ಭಾಗದ ಪ್ರತಿಕ್ರಿಯೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದ್ದಾರೆ. ಅದಕ್ಕಿಂತಲೂ, ಆ ಎರಡು ನಿಮಿಷದಲ್ಲಿ ಓಡಿಹೋಗದೆಯೂ ಬಿಗಿತ ಇಳಿಯುತ್ತದೆ ಎಂಬುದನ್ನು ಅವನು ಸ್ವತಃ ಕಾಣಬೇಕೆಂಬುದು ನನ್ನ ಉದ್ದೇಶವಾಗಿತ್ತು. ಗೈಡನ್ನು ಸದ್ಯಕ್ಕೆ ಮುಚ್ಚಿಟ್ಟು, ಬೆಳಿಗ್ಗೆ ಕಾಫಿ ಕುಡಿದ ಲೋಟ ಕೆಳಗಿಟ್ಟ ಕೂಡಲೇ ಜಗಲಿಯಲ್ಲಿ ಕೂತು ಮಲಯಾಳ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದುವುದೆಂದು ಗೊತ್ತುಮಾಡಿಕೊಂಡೆವು. "ನಾಳೆಯಿಂದ ಚೆನ್ನಾಗಿ ಓದುತ್ತೇನೆ" ಎಂಬ ಸಂಕಲ್ಪಕ್ಕಿಂತ "ಇದು ಆದೊಡನೆ ಅದು" ಎಂಬ ನಿಶ್ಚಯ ಹೆಚ್ಚು ಫಲ ಕೊಡುತ್ತದೆಂಬುದು ಪೀಟರ್ ಗಾಲ್ವಿಟ್ಜರ್ ಅವರ ಸಂಶೋಧನೆಯಿಂದ ತಿಳಿದುಬಂದ ವಿಷಯ. ಮೊದಲು ಒಬ್ಬನೇ, ಆಮೇಲೆ ವಾಲಿಬಾಲ್ ಆಡುವ ಮಲಯಾಳಿ ಗೆಳೆಯನ ಎದುರು ಓದುವುದು. ನಗಬಹುದಾದವರ ಎದುರು ಓದುವ ಹಂತ ಕೊನೆಗೆ.

ಕೆಲವು ತಿಂಗಳಲ್ಲಿ ಅವನ ಓದಿನ ವೇಗ ಹೆಚ್ಚಿತು, ನಡುವೆ ತೋಟದ ಕೆಲಸದ ನೆಪದಲ್ಲಿ ನೋಟ್‌ಬುಕ್ಕೂ ನಿಂತಿತ್ತು. ಅದನ್ನು ಕೇಳಿದಾಗ ಅವನು ಇನ್ನೊಂದು ವಿಷಯ ಹೇಳಿದ: ಸರಕಾರಿ ಕೆಲಸ ತನಗೆ ನಿಜವಾಗಿ ಬೇಕೋ, ಅಪ್ಪನಿಗೆ ಬೇಕೋ ಗೊತ್ತಿಲ್ಲ. ಹೆದರಿಕೆ ಇರುವಷ್ಟು ಕಾಲ ಈ ಪ್ರಶ್ನೆ ಕೇಳಿಕೊಳ್ಳಲು ಅವನಿಗೆ ಸಾಧ್ಯವಿರಲಿಲ್ಲ, ಏಕೆಂದರೆ "ಬೇಡ" ಎಂದರೆ "ಆಗುವುದಿಲ್ಲ" ಎಂದಂತೆಯೇ ಕೇಳಿಸುತ್ತಿತ್ತು. ನಾನು ಯಾವ ಕಡೆಗೂ ಒತ್ತಾಯಿಸಲಿಲ್ಲ. ಮುಂದಿನ ಪರೀಕ್ಷೆಯನ್ನು ಒಮ್ಮೆ ಬರೆದು, ಫಲಿತಾಂಶ ಬರುವ ಮುನ್ನವೇ ತನ್ನ ತೀರ್ಮಾನವನ್ನು ಬರೆದಿಡಬೇಕು, ಅಂಕಗಳು ಆ ತೀರ್ಮಾನ ಮಾಡಬಾರದು ಎಂದಷ್ಟೇ ಹೇಳಿದ್ದೇನೆ. ತೀರ್ಮಾನವನ್ನು ತಂದೆಗೆ ಹೇಳುವ ದಿನ ನಾನೂ ಇರಬೇಕೆಂದು ಅವನು ಕೇಳಿದ್ದಾನೆ, ಒಪ್ಪಿದ್ದೇನೆ.