ಮೇಜರ್ ಜನರಲ್ ಹಾಡನ್ನು ಹುಡುಗರು ಹೇಗೆ ಕಲಿತರು?

ನಿಮ್ಮ ಶಾಲೆಯಲ್ಲಿ 'ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್' ಅನ್ನೋ ಇಂಗ್ಲಿಷ್ ಹಾಸ್ಯ ಗೀತನಾಟಕ ಆಡಿಸ್ತಿದ್ದೀರಿ, ಮೇಜರ್ ಜನರಲ್‌ನ ಆ ಓಡುವ ಹಾಡು ಮಕ್ಕಳಿಗೆ ಸಾಧ್ಯವಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸಾಧ್ಯ. ನಾವೂ ಶಾಲೆಯಲ್ಲಿ ಅದನ್ನೇ ಆಡಿದ್ದೆವು.

ನಮ್ಮ ಟೀಚರ್ ಮೊದಲು ರಾಗವನ್ನೇ ಹೇಳಿಕೊಡಲಿಲ್ಲ. ಬರೀ ಮಾತು, ಅದೂ ನಿಧಾನಕ್ಕೆ, ಪ್ರತಿ ಸಾಲಿನ ಕೊನೆಯ ವ್ಯಂಜನ ಹಿಂದಿನ ಬೆಂಚಿಗೂ ಕೇಳಬೇಕು. ಅದು ಬಾಯಿಗೆ ಕೂತ ಮೇಲೇ ಪಿಯಾನೋ. ಇನ್ನೊಂದು ಅನುಕೂಲ ಇದೆ ನೋಡಿ: ಮುಂದಿನ ಪ್ರಾಸ ಸಿಗದೆ ಜನರಲ್ ತಡವರಿಸಬೇಕು ಅಂತ ನಾಟಕ ಬರೆದ ಗಿಲ್ಬರ್ಟ್ ಪಠ್ಯದಲ್ಲೇ ಬರೆದಿದ್ದಾನೆ. ನಮ್ಮ ಹುಡುಗ ಅಲ್ಲಿ ಹಣೆ ಉಜ್ಜಿಕೊಳ್ಳುತ್ತಾ ಆರಾಮಾಗಿ ಉಸಿರು ತಗೊಳ್ತಿದ್ದ. ಜನ ನಗ್ತಿದ್ರು.

ಆದರೆ ನನ್ನ ಕೇಳಿದರೆ ಜಾಸ್ತಿ ಮಜಾ ಇರೋದು ಎರಡನೇ ಅಂಕದ ಪೊಲೀಸರಲ್ಲಿ. ದನಿ ಒಡೆಯುತ್ತಿದ್ದ ಉದ್ದುದ್ದ ಹುಡುಗರನ್ನೆಲ್ಲ ಅಲ್ಲಿಗೇ ಹಾಕಿದ್ದರು. ಯುದ್ಧಕ್ಕೆ ಹೊರಡ್ತೀವಿ ಅಂತ ಹಾಡ್ತಾ ನಿಂತಲ್ಲೇ ನಿಲ್ಲುವ ಹೆದರುಪುಕ್ಕಲರು ಅವರು. ದನಿ ಕೀರಲಾದಾಗೆಲ್ಲ ಪಾತ್ರಕ್ಕೆ ಇನ್ನಷ್ಟು ಒಪ್ಪುತ್ತಿತ್ತು.

ಕಥಾನಾಯಕ ಫ್ರೆಡರಿಕ್ ಹುಟ್ಟಿದ್ದು ಫೆಬ್ರವರಿ 29ಕ್ಕೆ ಅನ್ನೋ ಮಾತನ್ನು ಮಾತ್ರ ಅವಸರದಲ್ಲಿ ಹಾಡಿಸಬೇಡಿ. ಇಪ್ಪತ್ತೊಂದನೇ ಹುಟ್ಟುಹಬ್ಬದವರೆಗೂ ಅವನು ಕಡಲ್ಗಳ್ಳರ ಆಳು, ಆದರೆ ಆ ಹುಟ್ಟುಹಬ್ಬ ಬರೋದೇ ನಾಲ್ಕು ವರ್ಷಕ್ಕೊಮ್ಮೆ. ಆ ಲೆಕ್ಕ ತಿಳಿಯದಿದ್ದರೆ ಮುಂದಿನ ಕಥೆಯೇ ಹತ್ತಲ್ಲ. 1879ರ ಕೃತಿ, ಮೂಲಕ್ಕೆ ಹಕ್ಕಿನ ತಕರಾರಿಲ್ಲ. ಹೊಸ ರೂಪಾಂತರ ತಗೊಂಡರೆ ಮಾತ್ರ ಒಮ್ಮೆ ವಿಚಾರಿಸಿಕೊಳ್ಳಿ.