ಅಳತೆ ಸರಿಯಿದ್ದರೂ ಚಿತ್ರದ ಮನುಷ್ಯ ನಿಲ್ಲುವುದಿಲ್ಲವೇಕೆ?

ಪ್ರಶ್ನೆ: ನಾನು ಬದಿಯಡ್ಕದ ಕಡೆಯವಳು. ಪದವಿ ಓದುತ್ತಾ ಮನೆಯಲ್ಲಿಯೇ ಚಿತ್ರ ಕಲಿಯುತ್ತಿದ್ದೇನೆ. ಒಂದು ಪುಸ್ತಕದಲ್ಲಿ ಮನುಷ್ಯನ ಎತ್ತರ ಎಂಟು ತಲೆ ಎಂದಿದೆ, ಇನ್ನೊಂದರಲ್ಲಿ ಏಳೂವರೆ. ಶಿಲ್ಪಶಾಸ್ತ್ರದ ಬಗ್ಗೆ ಓದಿದರೆ ನವತಾಲ, ದಶತಾಲ ಎನ್ನುತ್ತಾರೆ. ಯಾವುದನ್ನು ನಂಬಲಿ? ಗೆರೆ ಎಳೆದು, ಅಳೆದು ಬರೆದರೂ ನನ್ನ ಮನುಷ್ಯರು ಬಟ್ಟೆ ಅಂಗಡಿಯ ಗೊಂಬೆಗಳಂತೆ ಕಾಣುತ್ತಾರೆ.

ಉತ್ತರ: ನಿಮ್ಮ ಅಂಗೈಯನ್ನು ಮುಖದ ಮೇಲಿಡಿ. ಮಣಿಕಟ್ಟು ಗದ್ದದ ಬಳಿ ಇದ್ದರೆ ನಡುಬೆರಳಿನ ತುದಿ ಹಣೆಯ ಕೂದಲಂಚಿನ ಹತ್ತಿರ ನಿಲ್ಲುತ್ತದೆ. ಈ ಒಂದು ಅಳತೆಯೇ ನಮ್ಮ ಶಿಲ್ಪಿಗಳ ‘ತಾಲ’. ಅದನ್ನು ಹನ್ನೆರಡು ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ಅಂಗುಲ. ಈ ಅಂಗುಲ ಅಂಗಡಿಯ ಸ್ಕೇಲಿನ ಇಂಚಿನಂತಲ್ಲ. ಗೇಣುದ್ದದ ಮೂರ್ತಿಗೆ ಅದರದೇ ಸಣ್ಣ ಅಂಗುಲ, ಆಳೆತ್ತರದ ಮೂರ್ತಿಗೆ ಅದರದೇ ದೊಡ್ಡ ಅಂಗುಲ. ಅಳತೆ ಆ ದೇಹದೊಳಗಿನಿಂದಲೇ ಹುಟ್ಟುತ್ತದೆ.

ಕ್ರಿ.ಪೂ. ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹಿಡಿದದ್ದೂ ಇದೇ ಕೈ, ಇದೇ ಮುಖ. ಗದ್ದದಿಂದ ಕೂದಲಂಚಿನವರೆಗಿನ ಮುಖ ಒಟ್ಟು ಎತ್ತರದ ಹತ್ತನೆಯ ಒಂದು ಭಾಗ, ಕೈಯೂ ಅಷ್ಟೇ ಎಂದು ಅವನು ಬರೆದ. ಗದ್ದದಿಂದ ನೆತ್ತಿಯವರೆಗಿನ ತಲೆ ಎಂಟನೆಯ ಒಂದು ಭಾಗ ಎಂದೂ ಬರೆದ. ಸುಮಾರು 1490ರಲ್ಲಿ ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ವೃತ್ತ ಮತ್ತು ಚೌಕದೊಳಗೆ ಕೈಕಾಲು ಚಾಚಿದ ಮನುಷ್ಯನನ್ನು ಬಿಡಿಸಿದ್ದು ಈ ಲೆಕ್ಕವನ್ನು ಪರೀಕ್ಷಿಸುತ್ತಲೇ. ಈಗ ನಿಮ್ಮ ಗೊಂದಲ ನೋಡಿ: ತಲೆಯಿಂದ ಎಣಿಸಿದರೆ ಎಂಟು, ಮುಖದಿಂದ ಎಣಿಸಿದರೆ ಹತ್ತು. ಮನುಷ್ಯ ಒಬ್ಬನೇ. ನಿಮ್ಮ ಚಿತ್ರದ ಪುಸ್ತಕಗಳು ತಲೆಯನ್ನು ಹಿಡಿದಿವೆ, ಶಿಲ್ಪಶಾಸ್ತ್ರ ಮುಖವನ್ನು.

ನವತಾಲದ, ಅಂದರೆ ಒಂಬತ್ತು ತಾಲದ, ಲೆಕ್ಕ ಹೀಗೆ: ಮುಖ 12 ಅಂಗುಲ, ಕತ್ತು 4, ಕತ್ತಿನಿಂದ ಎದೆ 12, ಎದೆಯಿಂದ ಹೊಕ್ಕುಳು 12, ಅಲ್ಲಿಂದ ತೊಡೆಯ ಸಂದು 12, ತೊಡೆ 24, ಮೊಣಕಾಲು 4, ಕಣಕಾಲು 24, ಪಾದದ ಎತ್ತರ 4. ಕೂಡಿಸಿದರೆ 108. ತಲೆಯ ಲೆಕ್ಕಕ್ಕೆ ತಂದರೆ ಇದು ಏಳು, ಏಳೂವರೆ ತಲೆಗೆ ಬರುತ್ತದೆ, ಅಂದರೆ ನಮ್ಮ ನಿಮ್ಮಂಥವರ ಮೈಕಟ್ಟಿಗೆ ಹತ್ತಿರ. ದಶತಾಲ ಅದಕ್ಕಿಂತ ನೀಳ, ದೊಡ್ಡ ದೇವರಿಗೆ ಸಲ್ಲುವ ಅಳತೆ. ಗ್ರೀಸಿನಲ್ಲೂ ಶಿಲ್ಪಿ ಲೈಸಿಪ್ಪಸ್ ತನಗಿಂತ ಹಿಂದಿನವರಿಗಿಂತ ತಲೆಯನ್ನು ಚಿಕ್ಕದಾಗಿಸಿ, ಮೈಯನ್ನು ತೆಳುವಾಗಿಸಿ ಎತ್ತರದ ಭಾವ ತಂದನಂತೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯನ್ನು ಹೇಳುವ ಭಾಗವಾದ ಚಿತ್ರಸೂತ್ರವಂತೂ ಐದು ಬಗೆಯ ಗಂಡಸರನ್ನು ಹೇಳುತ್ತದೆ: ಹಂಸ 108 ಅಂಗುಲ, ಭದ್ರ 106, ಮಾಲವ್ಯ 104, ರುಚಕ 100, ಶಶಕ 90. ಶಾಸ್ತ್ರ ಒಂದೇ ದೇಹವನ್ನು ಎಲ್ಲರ ಮೇಲೆ ಹೇರಿತು ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಐವರು ನೆನಪಾಗುತ್ತಾರೆ.

ಆದರೆ ನಿಮ್ಮ ನಿಜವಾದ ಪ್ರಶ್ನೆ ಕೊನೆಯ ಸಾಲಿನಲ್ಲಿದೆ. ಗೊಂಬೆಯಂತೆ ಕಾಣುವುದಕ್ಕೆ ಅಳತೆ ಕಾರಣವಲ್ಲ. ನೀವು ಬರೆದ ಮನುಷ್ಯನ ಭಾರ ಎಲ್ಲಿದೆ ಎಂದು ನೀವು ನಿರ್ಧರಿಸಿಲ್ಲ. ನಾನು ಕಲಿಯುವಾಗ ಎರಡು ವರ್ಷ ಇದೇ ತಪ್ಪು ಮಾಡಿದೆ; ತಲೆಯಿಂದ ಶುರು ಮಾಡಿ, ಒಂದೊಂದೇ ಮನೆ ತುಂಬಿಸುತ್ತಾ ಪಾದಕ್ಕೆ ಇಳಿಯುತ್ತಿದ್ದೆ. ಪಾದ ತಲುಪುವ ಹೊತ್ತಿಗೆ ಆ ಮನುಷ್ಯ ಗಾಳಿಯಲ್ಲಿ ತೇಲುತ್ತಿದ್ದ.

ಸಂಜೆ ಕಾಸರಗೋಡಿನ ಹೊಸ ಬಸ್ ನಿಲ್ದಾಣದಲ್ಲಿ ಕಾಲು ಗಂಟೆ ನಿಲ್ಲಿ. ಬಸ್ಸಿಗೆ ಕಾಯುವವರಲ್ಲಿ ಎರಡೂ ಕಾಲಿಗೆ ಸಮನಾಗಿ ಭಾರ ಕೊಟ್ಟು ನಿಂತವರು ಬಹಳ ಕಡಿಮೆ. ಭಾರ ಬಲಗಾಲಿನ ಮೇಲಿದ್ದರೆ ಬಲಬದಿಯ ಸೊಂಟ ಮೇಲೇಳುತ್ತದೆ, ಎಡಬದಿಯದು ಕೆಳಗಿಳಿಯುತ್ತದೆ, ಎಡ ಮೊಣಕಾಲು ಸಡಿಲಾಗಿ ಮುಂದೆ ಬಾಗುತ್ತದೆ. ಮೈ ಬೀಳದಿರಲು ಹೆಗಲು ತದ್ವಿರುದ್ಧವಾಗಿ ವಾಲಿ ಬಲಹೆಗಲು ತಗ್ಗುತ್ತದೆ. ಬಲಪಕ್ಕೆಯಲ್ಲಿ ಚರ್ಮ ಒತ್ತಾಗಿ ಮಡಿಯುತ್ತದೆ, ಎಡಪಕ್ಕೆ ಉದ್ದವಾಗಿ ಹಿಗ್ಗುತ್ತದೆ. ಇನ್ನು ಕತ್ತಿನ ಬುಡದ ಕುಳಿಯಿಂದ ಒಂದು ದಾರ ಇಳಿಬಿಟ್ಟಂತೆ ಊಹಿಸಿ. ಅದು ಭಾರ ಹೊತ್ತ ಪಾದದ ಒಳಬದಿಯ ಹರಡಿನ ಬಳಿಗೆ ಬಂದು ಮುಟ್ಟುತ್ತದೆ. ಮುಟ್ಟದಿದ್ದರೆ ಆ ವ್ಯಕ್ತಿ ಗೋಡೆಗೋ ಕಂಬಕ್ಕೋ ಒರಗಿದ್ದಾನೆ, ಇಲ್ಲವೇ ಈಗ ಹೆಜ್ಜೆ ಎತ್ತುತ್ತಾನೆ.

ಕ್ರಿ.ಪೂ. ಐದನೆಯ ಶತಮಾನದಲ್ಲಿ ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್ ಈಟಿ ಹಿಡಿದ ತರುಣನ ಶಿಲ್ಪದಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಮೂಲ ಕಂಚಿನ ವಿಗ್ರಹ ಉಳಿದಿಲ್ಲ, ರೋಮನ್ನರು ಅಮೃತಶಿಲೆಯಲ್ಲಿ ಕಡೆದ ಪ್ರತಿಗಳಷ್ಟೇ ಇವೆ. ಅದಕ್ಕಿಂತ ನೂರು ವರ್ಷ ಹಿಂದಿನ ಗ್ರೀಕ್ ತರುಣರ ಶಿಲ್ಪಗಳಲ್ಲಿ ಒಂದು ಕಾಲು ಮುಂದಿಟ್ಟಿದ್ದರೂ ಸೊಂಟ ಮಟ್ಟವಾಗಿಯೇ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಗೊಂಬೆ ಯಾವುದು ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ನಿಲುವುಗಳಿಗೆ ಸಮಭಂಗ (ಬಾಗದ ನೇರ ನಿಲುವು), ಆಭಂಗ (ತುಸು ಬಾಗು), ತ್ರಿಭಂಗ (ಮೂರು ಕಡೆ ಬಾಗು), ಅತಿಭಂಗ (ಬಲವಾದ ಬಾಗು) ಎಂಬ ಹೆಸರುಗಳಿವೆ. ಮೇಸ್ತ್ರಿ ಗೋಡೆಗೆ ತೂಗುಗುಂಡು ಇಳಿಬಿಡುವಂತೆ ಶಿಲ್ಪಿ ಮೂರ್ತಿಯ ಮುಂದೆ ದಾರ ಇಳಿಬಿಟ್ಟು, ಯಾವ ಅಂಗ ನಡುಗೆರೆಯಿಂದ ಎಷ್ಟು ಸರಿದಿದೆ ಎಂದು ಅಳೆಯುತ್ತಿದ್ದ. ಆ ಅಳತೆಗೆ ಲಂಬಮಾನ ಎಂದೇ ಹೆಸರು. ಬಾಗನ್ನೂ ಅಳೆಯಬಹುದು ಎಂಬುದನ್ನು ಕಂಡುಕೊಂಡ ಈ ಬುದ್ಧಿ ನನಗೆ ಎಂಟು ತಲೆಯ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹಾಗಾಗಿ ಕ್ರಮವನ್ನು ತಿರುಗಿಸಿ. ಮೊದಲು ದಾರದ ಗೆರೆ ಮತ್ತು ಭಾರ ಹೊತ್ತ ಪಾದ. ಆಮೇಲೆ ಸೊಂಟದ ಓರೆ, ಹೆಗಲಿನ ಓರೆ. ತಲೆ ಅದರ ಮೇಲೆ. ಇಷ್ಟು ಎರಡು ನಿಮಿಷದಲ್ಲಿ ಮುಗಿಯಬೇಕು. ಅಳತೆ ಇದಾದ ಮೇಲೆ, ತಪ್ಪು ಹಿಡಿಯುವುದಕ್ಕೆ: ಮೈಯ ನಡುಮಧ್ಯ ತೊಡೆಯ ಸಂದಿನ ಬಳಿ ಬಂದಿದೆಯೇ, ತೋಳು ಇಳಿಬಿಟ್ಟಾಗ ಮೊಣಕೈ ಸೊಂಟದ ಮಟ್ಟದಲ್ಲಿ, ಬೆರಳ ತುದಿ ತೊಡೆಯ ನಡುವಿನಲ್ಲಿ ಇದೆಯೇ.

ಸಮಭಂಗವೆಂದರೆ ಜೀವವಿಲ್ಲದ ನಿಲುವು ಎಂದು ಮಾತ್ರ ತಿಳಿಯಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ಕಾರ್ಕಳಕ್ಕೆ ಹೋಗಿ ಬನ್ನಿ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟ ಎರಡೂ ಕಾಲಿಗೆ ಸಮವಾಗಿ ಭಾರ ಕೊಟ್ಟೇ ನಿಂತಿದ್ದಾನೆ. ಅಲ್ಲಿ ಅಲುಗದಿರುವುದು ಅವನ ನಿರ್ಧಾರ, ಅದು ಕಲ್ಲಿನಲ್ಲಿ ಕಾಣುತ್ತದೆ. ಪಾದದ ಬುಡದಲ್ಲಿ ನಿಂತು ಬರೆಯಬೇಡಿ. ಕಾಲು ದಪ್ಪವಾಗಿ, ತಲೆ ಕಿರಿದಾಗಿ ಕಾಣುತ್ತದೆ. ಚಿತ್ರಸೂತ್ರ ಇದನ್ನು ಕ್ಷಯ-ವೃದ್ಧಿ ಎನ್ನುತ್ತದೆ, ನೋಟದಿಂದ ಅಂಗ ಕುಗ್ಗುವುದು, ಹಿಗ್ಗುವುದು. ಅದನ್ನು ಮುಂದಿನ ವರ್ಷ ಕಲಿಯಿರಿ.

ಪ್ರಶ್ನೆ: ಕುಂಬಳೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದೇನೆ. ನಗ್ನ ಮಾದರಿಯನ್ನು ನೋಡಿ ಬರೆಯದೆ ದೇಹರಚನೆ ಕಲಿಯಲಾಗದು ಎನ್ನುತ್ತಾರೆ. ನಮ್ಮೂರಿನಲ್ಲಿ ಅದು ಸಾಧ್ಯವೇ ಇಲ್ಲ. ಮಕ್ಕಳಿಗೆ ಹೇಗೆ ಕಲಿಸಲಿ?

ಉತ್ತರ: ಮೇಷ್ಟ್ರೇ, ಕಲಾಶಾಲೆಗಳಲ್ಲಿ ಆ ಪದ್ಧತಿ ಇದೆ, ಅದರ ಲಾಭವೂ ದೊಡ್ಡದು. ಆದರೆ ನಿಮ್ಮ ಸುತ್ತ ಇರುವುದನ್ನು ನೋಡದೆ ಕೊರಗಬೇಡಿ. ಬೈರಾಸು ಸುತ್ತಿಕೊಂಡು, ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವವರ ಬೆನ್ನನ್ನು ನೋಡಿದ್ದೀರಲ್ಲ? ಕೈ ಮೇಲೆ ಚಾಚಿದಾಗ ಹೆಗಲ ಹಿಂದಿನ ಮೂಳೆ ಹೊರಕ್ಕೆ ಸರಿದು ತಿರುಗುವುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಯಾವ ಕೋಣೆಯ ಮಾದರಿಯಲ್ಲೂ ಕಾಣುವುದಿಲ್ಲ. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಎತ್ತುವವರ ತೊಡೆ, ಕಡಪ್ಪುರದಲ್ಲಿ ಬಲೆ ಎಳೆಯುವವರು ಹಿಂದಕ್ಕೆ ಒರಗಿದ ಮೈ, ಇವೆಲ್ಲ ನಿಮ್ಮ ಪಾಠಗಳು. ಮೊದಲು ಅವರ ಅನುಮತಿ ಕೇಳಿ, ಬರೆದದ್ದನ್ನು ಅವರಿಗೆ ತೋರಿಸಿ. ಮೊಬೈಲ್‌ನಲ್ಲಿ ಫೋಟೊ ತೆಗೆದು ಮನೆಯಲ್ಲಿ ನಕಲು ಮಾಡುವ ಅಭ್ಯಾಸವನ್ನು ಮಾತ್ರ ಮಕ್ಕಳಿಗೆ ಕಲಿಸಬೇಡಿ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುವ ಗಳಿಗೆ ಫೋಟೊದಲ್ಲಿ ಸಿಗದು.

ಎಲುಬನ್ನು ತರಗತಿಯಲ್ಲಿಯೇ ಮುಟ್ಟಿ ಕಲಿಸಬಹುದು. ಕೊರಳೆಲುಬು, ಮೊಣಕೈ, ಮಣಿಕಟ್ಟು, ಮೊಣಕಾಲ ಚಿಪ್ಪು, ಕಾಲಿನ ಕಣ್ಣು: ಈ ಜಾಗಗಳಲ್ಲಿ ಎಲುಬು ಚರ್ಮದ ಅಡಿಯಲ್ಲೇ ಇರುತ್ತದೆ. ಪ್ರತಿ ಮಗುವೂ ತನ್ನ ಮೈಯಲ್ಲಿ ತಡವಿ, ನೋಡದೆ ಬರೆಯಲಿ. ಮತ್ತೆ ನೋಡಿ ತಿದ್ದಲಿ.

ನಿಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಬಯಲಾಟವಿದ್ದ ರಾತ್ರಿ ಒಪ್ಪಿಗೆ ಪಡೆದು ಮಕ್ಕಳನ್ನು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋಗಿ. ವೇಷ ಕಟ್ಟುವ ಮೊದಲಿನ ಕಲಾವಿದನನ್ನು ಒಂದು ಹಾಳೆಯಲ್ಲಿ, ವೇಷ ಪೂರ್ತಿಯಾದ ಮೇಲೆ ಅದರ ಪಕ್ಕದಲ್ಲೇ ಅವನನ್ನು ಮತ್ತೊಮ್ಮೆ ಬರೆಸಿ. ಕಿರೀಟವನ್ನು ತಾಲದ ಲೆಕ್ಕಕ್ಕೆ ಸೇರಿಸಬಾರದು ಎಂಬುದು ಹೇಳದೆಯೇ ಅವರಿಗೆ ತಿಳಿಯುತ್ತದೆ. ಬಟ್ಟೆ ತೂಗುವುದು ಹೆಗಲಿನಿಂದ, ಸೊಂಟದಿಂದ, ಮಡಿಸಿದ ಮೊಣಕಾಲಿನಿಂದ; ಒಳಗಿನ ದೇಹ ತಿಳಿದವರು ನೆರಿಗೆಯನ್ನು ಎಲ್ಲೆಂದರಲ್ಲಿ ಎಳೆಯುವುದಿಲ್ಲ.

ಪ್ರಶ್ನೆ: ಬಾಲಕೃಷ್ಣನನ್ನು ಬರೆದರೆ ಕುಳ್ಳ ಗಂಡಸಿನಂತೆ ಕಾಣುತ್ತಾನೆ. ಏನು ಮಾಡಲಿ? (ನೀರ್ಚಾಲಿನ ಒಬ್ಬ ತಾಯಿ)

ಉತ್ತರ: ಅಮ್ಮಾ, ನೀವು ದೊಡ್ಡವರ ಅಳತೆಯನ್ನು ಕುಗ್ಗಿಸಿದ್ದೀರಿ. ಹುಟ್ಟಿದ ಮಗು ಸುಮಾರು ನಾಲ್ಕು ತಲೆಯಷ್ಟೇ ಉದ್ದ, ಮೈಯ ನಡುಮಧ್ಯ ಹೊಕ್ಕುಳಿನ ಹತ್ತಿರ. ಬೆಳೆಯುತ್ತಾ ಕಾಲೇ ಹೆಚ್ಚು ಉದ್ದವಾಗುವುದರಿಂದ ಆ ಮಧ್ಯ ಕೆಳಗಿಳಿಯುತ್ತದೆ. ಶಿಲ್ಪಿಗಳು ಮಕ್ಕಳಿಗೆ ಪಂಚತಾಲ ಇಟ್ಟದ್ದು ಇದಕ್ಕೇ, ಗಣಪತಿಗೂ ಅದೇ. ಮುಖದಲ್ಲಿ ಕಣ್ಣನ್ನು ತಲೆಯ ಅರ್ಧಕ್ಕಿಂತ ಕೆಳಗೆ ಇಳಿಸಿ, ಹಣೆ ದೊಡ್ಡದಾಗಲಿ. ಕತ್ತು ಕಾಣದಷ್ಟು ಗಿಡ್ಡ, ಹೆಗಲು ಕಿರಿದು, ಹೊಟ್ಟೆ ಮುಂದೆ.

ಮಧೂರಿನ ಗಣಪತಿಯನ್ನು ಗರ್ಭಗುಡಿಯ ಗೋಡೆಯ ಮೇಲೆ ಬರೆದವನು ಒಬ್ಬ ಹುಡುಗ, ಆ ಚಿತ್ರವೇ ಆಮೇಲೆ ದಪ್ಪವಾಗಿ ಬೆಳೆಯಿತು ಎಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಕ್ಯಾಲೆಂಡರಿನ ಕೃಷ್ಣನನ್ನು ತಿರುಗಿಸಿಟ್ಟು, ಆ ಮಗು ಮಲಗಿರುವಾಗ ಪಕ್ಕದಲ್ಲಿ ಕುಳಿತು ಬರೆಯಿರಿ.