ಉತ್ತರ ಸರಿಯಾಗಿ ಅರ್ಧವಾದದ್ದು ಹೇಗೆ

ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪ್ಲಸ್ ವನ್ (ಹನ್ನೊಂದನೆಯ ತರಗತಿ) ಸೇರುವ ಮಕ್ಕಳಿಗೆಂದು ನೀವು ಬರೆದ ‘ಟೈಟ್ರೇಶನ್ ಲೆಕ್ಕ’ ಲೇಖನ ಓದಿದೆ. ಪ್ರಬಲತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಇನ್ನೊಂದರ ಪ್ರಬಲತೆ ಕಂಡುಹಿಡಿಯುವುದೇ ಟೈಟ್ರೇಶನ್. ಭಾಷೆ ತಿಳಿಯಾಗಿದೆ. ಆದರೆ ಮುಖ್ಯ ಲೆಕ್ಕವೇ ತಪ್ಪಿರುವುದರಿಂದ ಇದನ್ನು ಹೀಗೆಯೇ ಪ್ರಕಟಿಸಲಾರೆ. ಕನ್ನಡದಲ್ಲಿ ಕಲಿತ ಮಕ್ಕಳು ಅಲ್ಲಿ ಒಮ್ಮೆಲೇ ಇಂಗ್ಲಿಷ್ ಪಾಠ ಎದುರಿಸಬೇಕು. ಅವರು ನಂಬಿ ಹಿಡಿಯುವ ಕನ್ನಡ ಲೇಖನದಲ್ಲಿ ಒಂದು ಅಂಕೆಯೂ ಜಾರಬಾರದು.

ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳಿ. 20 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ 0.05 ಮೋಲಾರ್ (ಲೀಟರಿಗೆ 0.05 ಮೋಲ್; ಮೋಲ್ ಎಂದರೆ ಕಣಗಳ ಎಣಿಕೆಯ ಮಾನ) ಸಲ್ಫ್ಯೂರಿಕ್ ಆಮ್ಲ 18.4 ಮಿ.ಲೀ. ಹಿಡಿಯಿತು. ನೀವು ‘ಎಂ₁ವಿ₁ = ಎಂ₂ವಿ₂’ (ಎಂ ಮೋಲಾರ್ ಪ್ರಬಲತೆ, ವಿ ಗಾತ್ರ) ಹಾಕಿ 0.046 ಮೋಲಾರ್ ಎಂದಿದ್ದೀರಿ. ಒಂದು ಮೋಲ್ ಸಲ್ಫ್ಯೂರಿಕ್ ಆಮ್ಲಕ್ಕೆ ಎರಡು ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಬೇಕೆಂಬುದು ಆ ಸೂತ್ರದಲ್ಲಿ ಎಲ್ಲಿಯೂ ಇಲ್ಲ. ಆಮ್ಲದ ಮೋಲ್ 0.05 × 18.4 ÷ 1000 = 0.00092. ಪ್ರತ್ಯಾಮ್ಲದ, ಅಂದರೆ ಸೋಡಿಯಂ ಹೈಡ್ರಾಕ್ಸೈಡಿನ, ಮೋಲ್ ಅದರ ಇಮ್ಮಡಿ, 0.00184. ಅದನ್ನು 0.020 ಲೀಟರಿನಿಂದ ಭಾಗಿಸಿದರೆ 0.092 ಮೋಲಾರ್. ನಿಮ್ಮ ಉತ್ತರ ಸರಿಯಾಗಿ ಇದರ ಅರ್ಧ. ಇದೇ ಸೂತ್ರ ನಾರ್ಮಾಲಿಟಿಗೆ (ಕ್ರಿಯೆಯಲ್ಲಿ ತೊಡಗುವ ಪಾಲನ್ನೂ ಎಣಿಸುವ ಪ್ರಬಲತೆಯ ಅಳತೆಗೆ) ಸರಿ ಹೊಂದುತ್ತದೆ, ಏಕೆಂದರೆ 0.05 ಮೋಲಾರ್ ಸಲ್ಫ್ಯೂರಿಕ್ ಆಮ್ಲವೆಂದರೆ 0.1 ನಾರ್ಮಲ್; ಆ ಇಮ್ಮಡಿಯ ಲೆಕ್ಕ ಅಲ್ಲಿ ಮೊದಲೇ ಸೇರಿರುತ್ತದೆ. ಒಂದು ಮೋಲಿಗೆ ಒಂದೇ ಮೋಲ್ ಪ್ರತ್ಯಾಮ್ಲ ಬೇಕಾದ ಹೈಡ್ರೋಕ್ಲೋರಿಕ್ ಆಮ್ಲದ ಉದಾಹರಣೆ ಕೊಟ್ಟಿದ್ದರೆ ಉತ್ತರ ಸರಿಬಂದು ತಪ್ಪು ಕಾಣುತ್ತಲೇ ಇರಲಿಲ್ಲ. ಸೂತ್ರವನ್ನು ಬಿಡಿ. ಸಮೀಕರಣ, ಮೋಲ್, ಲೀಟರ್, ಈ ಕ್ರಮದಲ್ಲೇ ಬರೆಯಿರಿ.

‘4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ತೂಗಿ ಒಂದು ಲೀಟರಿಗೆ ತುಂಬಿದರೆ ನಿಖರ 0.1 ಮೋಲಾರ್’ ಎಂಬ ಸಾಲನ್ನೂ ತೆಗೆಯಿರಿ. ನಮ್ಮ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಅದರ ಬಿಳಿ ಗುಳಿಗೆ ತಕ್ಕಡಿಯ ಮೇಲೆಯೇ ಒದ್ದೆಯಾಗುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತದೆ. ತೂಗಿದ 4 ಗ್ರಾಂನಲ್ಲಿ ನೀರೆಷ್ಟು ಎಂದು ಹೇಳಲಾಗದು. ಹಾಗಾಗಿ ಸುಮಾರಾಗಿ ದ್ರಾವಣ ಮಾಡಿಕೊಂಡು, ಆಕ್ಸಾಲಿಕ್ ಆಮ್ಲದ ವಿರುದ್ಧ ಟೈಟ್ರೇಟ್ ಮಾಡಿ ಅದರ ಪ್ರಬಲತೆ ಗೊತ್ತುಮಾಡಿಕೊಳ್ಳಬೇಕು. 250 ಮಿ.ಲೀ. 0.05 ಮೋಲಾರ್ ಆಕ್ಸಾಲಿಕ್ ಆಮ್ಲಕ್ಕೆ 1.575 ಗ್ರಾಂ ಹರಳು ಬೇಕು. ಹರಳಿನಲ್ಲಿ ಎರಡು ನೀರಿನ ಅಣುಗಳಿರುವುದರಿಂದ ಮೋಲಾರ್ ರಾಶಿ 126 ಎಂದು ಬಿಡಿಸಿ ಹೇಳಿ. 90 ಎಂದು ಹಿಡಿದವರು 1.125 ಗ್ರಾಂ ತೂಗಿ, 0.05ರ ಬದಲು 0.036 ಮೋಲಾರ್ ದ್ರಾವಣ ಮಾಡಿಕೊಳ್ಳುತ್ತಾರೆ. ಆಕ್ಸಾಲಿಕ್ ಆಮ್ಲಕ್ಕೂ ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ಒಂದಕ್ಕೆರಡರ ಅನುಪಾತವೇ.

ಕ್ರಿಯೆ ನಡೆಯುವ ಕೋನಿಕಲ್ ಫ್ಲಾಸ್ಕನ್ನು ಪಿಪೆಟ್ಟಿನ (ನಿಗದಿತ ಗಾತ್ರ ಅಳೆದು ಹಾಕುವ ಕೊಳವೆಯ) ದ್ರಾವಣದಿಂದ ತೊಳೆಯಬೇಕೆಂದಿದ್ದೀರಿ. ಬೇಡ. ಬ್ಯೂರೆಟ್ (ಹನಿಹನಿಯಾಗಿ ಬಿಡುವ ಅಳತೆಯ ಕೊಳವೆ), ಪಿಪೆಟ್ ಎರಡನ್ನೂ ಅವುಗಳಲ್ಲಿ ತುಂಬುವ ದ್ರಾವಣದಿಂದಲೇ ತೊಳೆಯಬೇಕು, ಉಳಿದ ನೀರು ಅದನ್ನು ತೆಳುಗೊಳಿಸದಿರಲಿ ಎಂದು. ಫ್ಲಾಸ್ಕಿಗೆ ಶುದ್ಧ ನೀರು ಸಾಕು. ಅದರಲ್ಲಿ ಉಳಿದ ನೀರು ಮೋಲ್ ಸಂಖ್ಯೆಯನ್ನು ಬದಲಿಸದು. ಉಳಿದ ದ್ರಾವಣವೋ 20 ಮಿ.ಲೀ.ನಲ್ಲಿರುವುದರ ಮೇಲೆ ಇನ್ನಷ್ಟು ಮೋಲ್ ಸೇರಿಸಿಬಿಡುತ್ತದೆ. ಬ್ಯೂರೆಟ್ಟಿನ ಮೂತಿಯಲ್ಲಿ ಸಿಕ್ಕಿದ ಗಾಳಿಗುಳ್ಳೆಯ ವಿಷಯ ನೀವು ಬರೆದೇ ಇಲ್ಲ. ನಡುವೆ ಅದು ಹೊರಬಿದ್ದರೆ ಅಷ್ಟು ದ್ರಾವಣ ಹೆಚ್ಚು ಖರ್ಚಾದಂತೆ ಓದು ಬರುತ್ತದೆ.

ಪೀಠಿಕೆಯಲ್ಲಿ ರಸಾಯನಶಾಸ್ತ್ರದ ಮಹತ್ವದ ಬಗ್ಗೆ ಎರಡು ಪುಟಗಳಿವೆ. ಅವನ್ನು ಬಿಟ್ಟು ಅಡಕೆ ತೋಟದಿಂದ ಶುರುಮಾಡಿ. ಕೊಳೆರೋಗಕ್ಕೆ ಮದ್ದು ಬಿಡುವ ಮನೆಯ ಮಕ್ಕಳಿಗೆ ಬೋರ್ಡೋ ದ್ರಾವಣ ಗೊತ್ತು: ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ನೀರು ಆಮ್ಲೀಯ. ಉಜ್ಜಿ ಹೊಳಪು ಬಂದ ಕತ್ತಿಯನ್ನು ಕಲಸಿದ ಮದ್ದಿನಲ್ಲಿ ಅದ್ದಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ತೂಕ ಸಮ ಹಾಕಿದರೂ ಹೀಗಾಗುವುದು ಸುಣ್ಣ ಹಳತಾಗಿ ಶಕ್ತಿ ಕಳೆದುಕೊಂಡಾಗ. ಕತ್ತಿ ತೋರಿಸುವುದು ಕರಗಿ ಉಳಿದ ತಾಮ್ರವನ್ನು, ಆಮ್ಲವನ್ನಲ್ಲ; ಅದನ್ನು ಬಿಡಿಸಿ ಹೇಳಿ. ಆದರೂ ತೂಕವೊಂದನ್ನೇ ನಂಬದೆ, ಕ್ರಿಯೆ ಮುಗಿದದ್ದಕ್ಕೆ ಗುರುತು ನೋಡುವ ಅಭ್ಯಾಸ ಆ ಮಕ್ಕಳಿಗೆ ಮನೆಯಲ್ಲೇ ಇದೆ. ಟೈಟ್ರೇಶನ್ನಿನಲ್ಲಿ ಆ ಗುರುತು ಕೊಡುವ ಸೂಚಕ ಫೀನಾಫ್ತಲೀನಿನ ಗುಲಾಬಿ ಬಣ್ಣಕ್ಕೆ ಅಲ್ಲಿಂದ ಬನ್ನಿ.

ಲೆಕ್ಕಗಳನ್ನು ಮತ್ತೊಮ್ಮೆ ಕೈಯಾರೆ ಮಾಡಿ, ಪ್ರತಿ ಅಂಕೆಯ ಮುಂದೆ ಮಾನ ಬರೆದು, ಐದು ಪುಟದೊಳಗೆ ಕಳಿಸಿ. ಬಂದ ಕೂಡಲೇ ಓದುತ್ತೇನೆ.